ಕುರುಹು ಬೇಡವಾದ ದಿನ



ಯೆಹೂದಿ ಧರ್ಮೀಯರು ಮುಂಜಾನೆಯ ಪ್ರಾರ್ಥನೆಯಲ್ಲಿ ತೋಳಿಗೂ ತಲೆಗೂ ಕಟ್ಟಿಕೊಳ್ಳುವ ಕಪ್ಪು ಚರ್ಮದ ಎರಡು ಪೆಟ್ಟಿಗೆಗಳಿಗೆ ತೆಫಿಲಿನ್ ಎಂದು ಹೆಸರು. ಕರಡಿಗೆಗಳೆಂದರೆ ನಮ್ಮವರಿಗೆ ಬೇಗ ತಿಳಿದೀತು. ದೇವವಾಕ್ಯವನ್ನು ಕೈಗೆ ಕುರುಹಾಗಿ ಧರಿಸಬೇಕೆಂಬ ಆದೇಶವು ವಿಮೋಚನಕಾಂಡ, ಧರ್ಮೋಪದೇಶಕಾಂಡಗಳಲ್ಲಿ ಒಟ್ಟು ನಾಲ್ಕೆಡೆ ಬರುತ್ತದೆ. ಲಿಪಿಕಾರನು ಆ ನಾಲ್ಕು ಭಾಗಗಳನ್ನೇ ಚರ್ಮಪತ್ರದ ಮೇಲೆ ಬರೆದು ಒಳಗಿರಿಸುತ್ತಾನೆ. ಒಂದಕ್ಷರ ಲೋಪವಾದರೂ ಅದು ಧಾರಣೆಗೆ ಅನರ್ಹ.

ಕಟ್ಟುವುದೆಂಬುದು ಕೇವಲ ರೂಪಕವೆಂದು ಕರಾಯಿತ ಪಂಥದವರು ಅರ್ಥೈಸಿದರು. ರಬ್ಬಿಗಳ ಪರಂಪರೆ ಇದನ್ನೊಪ್ಪಲಿಲ್ಲ. ಬಾಹ್ಯ ಕುರುಹೆಲ್ಲ ಆಡಂಬರವೆನ್ನುವವರು ರಬ್ಬಿಗಳ ನಿಯಮಗಳನ್ನು ಗಮನಿಸಬೇಕು. ತೋಳಿನ ಪೆಟ್ಟಿಗೆ ಹೃದಯದತ್ತ ವಾಲಿರಬೇಕು. ತೋಳಿಗೆ ಕಟ್ಟಿದ ಬಳಿಕ ತಲೆಗೆ ಧರಿಸುವವರೆಗೆ ಮಾತನಾಡಲಾಗದು. ಧರಿಸಿರುವಷ್ಟು ಹೊತ್ತೂ ಮನಸ್ಸು ಅದನ್ನು ಮರೆಯಲಾಗದು. ಇನ್ನು ಸಬ್ಬತ್ ದಿನದಂದು ತೆಫಿಲಿನ್ ಧರಿಸುವುದೇ ಇಲ್ಲ. ಆ ದಿನವೇ ದೇವರ ಒಡಂಬಡಿಕೆಯ ಕುರುಹಾದ್ದರಿಂದ ಮತ್ತೊಂದು ಕುರುಹು ಅನಗತ್ಯ. ಪ್ರದರ್ಶನವೇ ಉದ್ದೇಶವಾಗಿದ್ದರೆ, ಸಮುದಾಯವೆಲ್ಲ ಸೇರುವ ಆ ದಿನವನ್ನು ಯಾರು ತಾನೇ ಬಿಡುತ್ತಿದ್ದರು?

ಒಂದೆಡೆ ಮಾತ್ರ ಮನಸ್ಸು ತಡೆಯುತ್ತದೆ. ಹದಿಮೂರು ತುಂಬಿದ ಪುರುಷರಿಗೆ ಇದು ಕರ್ತವ್ಯ, ಸ್ತ್ರೀಯರಿಗೆ ವಿನಾಯಿತಿ. ವಿನಾಯಿತಿಯು ನಿಷೇಧವಲ್ಲವಷ್ಟೆ. ದೊರೆ ಸೌಲನ ಮಗಳು ಮೀಕಲಳು ತೆಫಿಲಿನ್ ಧರಿಸುತ್ತಿದ್ದಳೆಂದೂ ಜ್ಞಾನಿಗಳು ಆಕ್ಷೇಪಿಸಲಿಲ್ಲವೆಂದೂ ಬಾಬಿಲೋನಿನ ತಾಲ್ಮುದ್ ಹೇಳುತ್ತದೆ. ಆದರೆ 16ನೆಯ ಶತಮಾನದ ಪೋಲೆಂಡಿನ ಧರ್ಮಶಾಸ್ತ್ರಜ್ಞ ಮೋಶೆ ಇಸ್ಸರ್ಲೀಸರು ಸ್ತ್ರೀಯರನ್ನು ತಡೆಯಬೇಕೆಂದರು. ಇಂದು ಕೆಲವು ಉದಾರ ಪಂಥಗಳಲ್ಲಿ ಸ್ತ್ರೀಯರೂ ಧರಿಸುತ್ತಾರೆ. ಮೀಕಲಳನ್ನು ತಡೆಯದ ಆ ಜ್ಞಾನಿಗಳ ಪಕ್ಷವೇ ನಮಗೆ ಒಪ್ಪಿತ.