ಜಾಗ ಕಡಿಮೆ ಅನ್ನೋದು ಗಲೀಜಿಗೆ ನೆಪ ಅಲ್ಲ

ಇಲ್ಲಿ ಏನಾದ್ರೂ ಬರೆದು ತುಂಬಾ ದಿನ ಆಯ್ತು. ಇವತ್ತು ಬರೆಸ್ತಿರೋದು ಸಿಟ್ಟು. ಮೊನ್ನೆ ಗೆಳೆಯನೊಬ್ಬ ಅಂದ, "ಅಸೆಂಬ್ಲಿಯಲ್ಲಿ ಎಂಥ ಶಿಸ್ತು ಮಾರಾಯ? ಅಲ್ಲಿ ಒಂದೊಂದು ಬೈಟಿಗೂ ಒದ್ದಾಟ. ಅಚ್ಚುಕಟ್ಟು ಅನ್ನೋದೆಲ್ಲ ಜಾಗ ಇರೋರ ಶೋಕಿ." ಒಂದು ಕಾಲದಲ್ಲಿ ನಾನೂ ಇದನ್ನೇ ಹೇಳ್ತಿದ್ದೆ. ಅದಕ್ಕೆ ಬೆಲೆ ತೆತ್ತವನು ಮಾತ್ರ ನಾನಲ್ಲ, ನಮ್ಮ ಅಕ್ಕನ ಮಗ.

2006ರ ಮಾತು. ಅಮೆರಿಕದಲ್ಲಿ ಹೈಸ್ಕೂಲು ಓದ್ತಿದ್ದ ಅವನ ಹತ್ರ ಟಿಐ-83 ಪ್ಲಸ್ ಗ್ರಾಫಿಂಗ್ ಕ್ಯಾಲ್ಕುಲೇಟರ್ ಇತ್ತು. 6 ಮೆಗಾಹರ್ಟ್ಸ್‌ನ ಜೆಡ್80 ಪ್ರೊಸೆಸರ್, 32 ಕೆಬಿ ರ‍್ಯಾಮ್. ಅದರಲ್ಲಿ ನಮಗೆ ಸಿಗೋದು ಸುಮಾರು 24 ಕೆಬಿ. ಅವನಿಗೋಸ್ಕರ ಒಂದು ಆಟ ಬರೆದುಕೊಟ್ಟೆ. ಜಾಗ ಉಳಿಸೋ ಭರದಲ್ಲಿ ಆಟದ ಪಾಯಿಂಟರುಗಳ ಪಟ್ಟಿಯನ್ನ 34540ನೇ ವಿಳಾಸದಲ್ಲಿಟ್ಟೆ. ಅಲ್ಲಿ 768 ಬೈಟು ಖಾಲಿ ಕಂಡಿತ್ತು.

ಖಾಲಿ ಸೈಟು ಕಂಡ ಕೂಡಲೇ ಬೇಲಿ ಹಾಕಿದ ಹಾಗೆ! ಸೈಟಿಗೊಬ್ಬ ಮಾಲೀಕ ಇದ್ದ. ಪರದೆಯಲ್ಲಿ 96x64 ಚುಕ್ಕಿ, ಚುಕ್ಕಿಗೊಂದು ಬಿಟ್ಟು, ಒಟ್ಟು 768 ಬೈಟು. ಕೆಲವು ನಿಮಿಷ ಯಾರೂ ಕೀಲಿ ಒತ್ತದಿದ್ರೆ ಕ್ಯಾಲ್ಕುಲೇಟರ್ ತಾನಾಗಿ ಆಫ್ ಆಗುತ್ತೆ. ಆಫ್ ಆಗೋ ಮುಂಚೆ ಪರದೆಯ ಚಿತ್ರವನ್ನ ಅದೇ ಜಾಗದಲ್ಲಿ ಇಟ್ಟುಕೊಳ್ಳುತ್ತೆ. ಹುಡುಗ ಊಟಕ್ಕೆ ಎದ್ದು ಹೋದ. ಬಂದು ಆನ್ ಮಾಡಿದ. ನನ್ನ ಪಾಯಿಂಟರುಗಳ ಜಾಗದಲ್ಲಿ ಈಗ ಚುಕ್ಕಿಗಳು! ಪ್ರೋಗ್ರಾಮು ಸಿಕ್ಕಸಿಕ್ಕಲ್ಲಿ ಬರೆಯಿತು. ಎಲ್ಲ ರ‍್ಯಾಮ್ ಅಳಿಸಿಹೋಯ್ತು. ಅವನು ತಿಂಗಳುಗಟ್ಟಲೆ ಕೂತು ಟೈಪ್ ಮಾಡಿದ್ದ ಬೇಸಿಕ್ ಪ್ರೋಗ್ರಾಮುಗಳೂ ಹೋದವು. "ಮಾಮಾ, ಎಲ್ಲಾ ಹೋಯ್ತು" ಅಂತ ಫೋನು ಮಾಡಿದ. ಮರುದಿನ ಫಿಸಿಕ್ಸ್ ಪರೀಕ್ಷೆ.

ತಪ್ಪು ಹುಡುಕೋಕೆ ನನಗೆ ಮೂರು ದಿನ ಬೇಕಾಯ್ತು. ಯಾಕಂದ್ರೆ ಆ ವಿಳಾಸಕ್ಕೆ ಹೆಸರೇ ಇಟ್ಟಿರಲಿಲ್ಲ. ಕೋಡಿನ ತುಂಬಾ ಬರೀ ಅಂಕಿ.

ಈಗ ಹೇಳಿ, ಹೆಸರಿಡೋಕೆ ಎಷ್ಟು ಬೈಟು ಖರ್ಚು? ಸೊನ್ನೆ! ಅಸೆಂಬ್ಲರು ಹೆಸರುಗಳನ್ನೆಲ್ಲ ಅಂಕಿ ಮಾಡಿ ಎಸೆದುಬಿಡುತ್ತೆ. ಯಾವ ಜಾಗ ಯಾರದು, ಯಾವಾಗ ಕೆಡುತ್ತೆ ಅಂತ ಒಂದೇ ಫೈಲಿನಲ್ಲಿ ಬರೆದಿಡೋಕೂ ಸೊನ್ನೆ. ಹಾಗೆ ಬರೆಯೋಕೆ ಕೂತಿದ್ರೆ 39026ರಿಂದ ಇನ್ನೊಂದು 768 ಬೈಟು ಇದೆ, ಓಎಸ್ ಅದನ್ನ ಮುಟ್ಟಲ್ಲ ಅನ್ನೋದು ಅವತ್ತೇ ಕಾಣ್ತಿತ್ತು.

ಕೋಡನ್ನ ಸಣ್ಣ ಸಣ್ಣ ಸಬ್‌ರೂಟೀನು ಮಾಡಿದ್ರೆ? ಒಂದು ಕಾಲ್‌ಗೆ 3 ಬೈಟು, ರಿಟರ್ನಿಗೆ 1. ಎರಡೂ ಸೇರಿ 27 ಕ್ಲಾಕ್, ಅಂದ್ರೆ 4.5 ಮೈಕ್ರೋಸೆಕೆಂಡು. ಅದೇ ಕೋಡನ್ನ ಎರಡನೇ ಸಲ ಬರೆಯೋ ಬದಲು ಕರೆದ್ರೆ ಜಾಗ ಉಳಿಯುತ್ತೆ. ಸ್ಪ್ರೈಟ್ ಬಿಡಿಸೋ ಒಳಗಿನ ಲೂಪಿನಲ್ಲಿ ಈ 27 ಕ್ಲಾಕೂ ದುಬಾರಿ, ಒಪ್ಪಿದೆ. ಆದರೆ ಮೆನು ತೋರಿಸೋ ಕೋಡಿಗೆ ಯಾವ ಅವಸರ?

ಜಾಗ ಕಡಿಮೆ ಇದ್ದಷ್ಟೂ ಮೊದಲೇ ಯೋಚಿಸಬೇಕು. ಪ್ರೋಗ್ರಾಮನ್ನ ಅದರ ಅಸೆಂಬ್ಲಿ ಕಮಾಂಡಿನಿಂದ ಓಡಿಸಿದ್ರೆ ಓಎಸ್ ಒಂದು ಪ್ರತಿ ಮಾಡಿ 40341ನೇ ವಿಳಾಸದಲ್ಲಿ ಓಡಿಸುತ್ತೆ. 49152 ದಾಟಿ ಕೋಡು ಓಡೋ ಹಾಗಿಲ್ಲ. ಅಂದ್ರೆ ಕೋಡಿಗೆ 8811 ಬೈಟು ಅಷ್ಟೇ. ಪ್ರತಿಯೊಳಗೆ ಬರೆದಿಟ್ಟ ಹೈಸ್ಕೋರು ಆಟ ಮುಗಿದ ಕೂಡಲೇ ಮಾಯ. ಹಾಗಾಗಿ ಕ್ಷಣಕ್ಕೆ ಬೇಕಾದ್ದು, ಆಟ ಮುಗಿಯೋವರೆಗೆ ಬೇಕಾದ್ದು, ನಾಳೆಗೂ ಬೇಕಾದ್ದು ಅಂತ ಮೂರು ಪಟ್ಟಿ ಮಾಡದೆ ಮೊದಲ ಸಾಲು ಬರೆಯಬಾರದು.

ನಾವು ವಠಾರದ ಒಂದೂವರೆ ಕೋಣೆ ಮನೆಯಲ್ಲಿ ಬೆಳೆದವರು. ರಾತ್ರಿ ಕರೆಂಟು ಹೋದ್ರೂ ಅಮ್ಮ ಸೂಜಿ ಡಬ್ಬಿಗೆ ನೇರ ಕೈ ಹಾಕ್ತಿದ್ರು. ಜಾಗ ಇಲ್ಲದ್ದಕ್ಕೇ ಅಲ್ಲಿ ಪ್ರತಿ ವಸ್ತುವಿಗೂ ಒಂದು ಜಾಗ ಇತ್ತು. ಶಿಸ್ತು ಶೋಕಿ ಅನ್ನೋರು ಅಂಥ ಮನೆ ನೋಡಿಲ್ಲ ಅಷ್ಟೆ.

ನೀವೇನಂತೀರಿ? ಬೈಯೋರಿದ್ರೆ ಬೈಯಿರಿ, ಆದರೆ ಮೊದಲು ನಿಮ್ಮ ಕೋಡಿನಲ್ಲಿರೋ ಹೆಸರಿಲ್ಲದ ಅಂಕಿಗಳನ್ನ ಎಣಿಸಿ ಬನ್ನಿ :)