ಮೊದಲು ನೀರಿನ ಪರೀಕ್ಷೆ, ಆಮೇಲೆ ಫಿಲ್ಟರ್

"ಮನೆಗೆ ಯಾವ ಫಿಲ್ಟರ್ ಒಳ್ಳೆಯದು?" ಎಂದು ಪೋಷಕರು ಶಿಕ್ಷಕರನ್ನು ಕೇಳುವುದುಂಟು. ಉತ್ತರ ಹೇಳುವ ಮೊದಲು ನಾವು ಒಂದು ಮರುಪ್ರಶ್ನೆ ಕೇಳಬೇಕು: ನಿಮ್ಮ ನೀರಿನಲ್ಲಿ ಏನಿದೆ?

ನೀರಿನಲ್ಲಿ ಸೇರುವ ಬೇಡದ ವಸ್ತುಗಳು ಮುಖ್ಯವಾಗಿ ಮೂರು ಬಗೆ: ಮಣ್ಣು ಮತ್ತು ಕಸ, ಕಣ್ಣಿಗೆ ಕಾಣದ ರೋಗಾಣುಗಳು, ಕರಗಿದ ಲವಣಗಳು. ಒಂದೊಂದಕ್ಕೂ ಉಪಾಯ ಬೇರೆ. ಪಿಂಗಾಣಿ ಕ್ಯಾಂಡಲ್ ಮಣ್ಣನ್ನೂ ಬಹುಪಾಲು ಬ್ಯಾಕ್ಟೀರಿಯಗಳನ್ನೂ ತಡೆಯುತ್ತದೆ. ವೈರಸ್‌ಗಳು ಇನ್ನೂ ಚಿಕ್ಕವಾದ್ದರಿಂದ ಅದರಲ್ಲಿ ನುಸುಳಬಲ್ಲವು. ಚೆನ್ನಾಗಿ ಕುದಿಸಿದರೆ ಎರಡೂ ನಾಶವಾಗುತ್ತವೆ. ಜಗ್ ಮಾದರಿಯ ಫಿಲ್ಟರಿನಲ್ಲಿರುವ ಸಕ್ರಿಯ ಇದ್ದಿಲು ಕ್ಲೋರಿನ್ ವಾಸನೆಯನ್ನು ಕಡಿಮೆ ಮಾಡುತ್ತದೆ. ಆದರೆ ಅದು ರೋಗಾಣುಗಳನ್ನು ಕೊಲ್ಲುವ ಸಾಧನವಲ್ಲ.

ಕರಗಿದ ಫ್ಲೋರೈಡಿನ ವಿಷಯವೇ ಬೇರೆ. ಪಾವಗಡ, ಮುಂಡರಗಿ, ಬಾಗೇಪಲ್ಲಿ ಮುಂತಾದ ತಾಲ್ಲೂಕುಗಳ ಅನೇಕ ಕೊಳವೆಬಾವಿಗಳಲ್ಲಿ ಇದರ ಪ್ರಮಾಣ ಹೆಚ್ಚು. ಭಾರತೀಯ ಮಾನಕದ ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರಿನ ಮೂಲವೇ ಇಲ್ಲದಿದ್ದರೆ 1.5 ಮಿಲಿಗ್ರಾಂವರೆಗೆ ಮಾತ್ರ. ಮೀರಿದರೆ ಮಕ್ಕಳ ಹಲ್ಲುಗಳಲ್ಲಿ ಬಿಳಿ, ಕಂದು ಕಲೆಗಳಾಗುತ್ತವೆ. ವರ್ಷಗಟ್ಟಲೆ ಕುಡಿದರೆ ಮೂಳೆಗಳಿಗೂ ತೊಂದರೆ. ಈ ನೀರಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಕ್ಯಾಂಡಲ್ ಇದನ್ನು ತಡೆಯದು. ಕುದಿಸಿದರೆ ನೀರು ಆವಿಯಾಗಿ ಹೋಗುತ್ತದೆ, ಫ್ಲೋರೈಡ್ ಉಳಿಯುತ್ತದೆ. ಇಂಥ ಕಡೆ ಆರ್‌ಒ ಅಥವಾ ಸಕ್ರಿಯ ಅಲ್ಯುಮಿನಾ ಫಿಲ್ಟರ್ ಬೇಕು. ಇಲ್ಲವೇ ಊರಿನ ಶುದ್ಧ ನೀರಿನ ಘಟಕದಿಂದ ತರಬೇಕು. ಕುಡಿಯಲು ಮಾತ್ರವಲ್ಲ, ಅಡುಗೆಗೂ ಅದೇ ನೀರನ್ನು ಬಳಸಬೇಕು.

ಹಾಗೆಂದು ಎಲ್ಲರಿಗೂ ಆರ್‌ಒ ಬೇಕೆ? ಬೇಡ. ಮನೆಬಳಕೆಯ ಅನೇಕ ಆರ್‌ಒ ಯಂತ್ರಗಳು ಒಂದು ಲೀಟರ್ ನೀರು ಕೊಡಲು ಎರಡು ಮೂರು ಲೀಟರ್ ನೀರನ್ನು ಹೊರಚೆಲ್ಲುತ್ತವೆ. ಲವಣ ಕಡಿಮೆಯಿರುವ ಮಲೆನಾಡಿನ ಬಾವಿನೀರಿಗೆ ಇಷ್ಟು ಖರ್ಚು ಏಕೆ? ಅಲ್ಲಿ ಚಿಂತಿಸಬೇಕಾದದ್ದು ರೋಗಾಣುಗಳ ಬಗ್ಗೆ.

ಕೆಲವು ಮಾರಾಟಗಾರರು ನೀರಿಗೆ ವಿದ್ಯುತ್ ಹಾಯಿಸಿ, ಅದು ಕಂದಾಗುವುದನ್ನು ತೋರಿಸಿ ಹೆದರಿಸುತ್ತಾರೆ. ಮಕ್ಕಳೇ, ಆ ಬಣ್ಣ ನೀರಿನ ಕೊಳೆಯಲ್ಲ. ಉಪಕರಣದ ಕಬ್ಬಿಣದ ಕಡ್ಡಿ ಕರಗಿ ಉಂಟಾದ ತುಕ್ಕು! ಆರ್‌ಒ ನೀರಿನಲ್ಲಿ ಲವಣ ಕಡಿಮೆ, ವಿದ್ಯುತ್ ಸರಿಯಾಗಿ ಹರಿಯದು. ಆದ್ದರಿಂದ ಬಣ್ಣ ಬಾರದು. ಟಿಡಿಎಸ್ ಮೀಟರ್ ಕೂಡ ಕರಗಿದ ಲವಣಗಳ ಒಟ್ಟು ಅಂದಾಜನ್ನಷ್ಟೇ ಹೇಳುತ್ತದೆ. ಫ್ಲೋರೈಡ್ ಎಷ್ಟು, ರೋಗಾಣು ಇದೆಯೇ ಎಂಬುದು ಅದಕ್ಕೆ ತಿಳಿಯದು.

2019ರಲ್ಲಿ ಆರಂಭವಾದ ಜಲಜೀವನ ಮಿಷನ್ ಅಡಿಯಲ್ಲಿ ಹಳ್ಳಿಗಳಿಗೆ ನೀರು ಪರೀಕ್ಷಾ ಕಿಟ್‌ಗಳನ್ನು ಕೊಡಲಾಗಿದೆ. ಶಿಕ್ಷಕ ಮಿತ್ರರು ಗ್ರಾಮ ಪಂಚಾಯಿತಿಯಲ್ಲಿ ವಿಚಾರಿಸಿ, ಮಕ್ಕಳ ಎದುರಿನಲ್ಲೇ ಶಾಲೆಯ ಹಾಗೂ ಊರಿನ ನೀರನ್ನು ಪರೀಕ್ಷೆ ಮಾಡಿಸಬೇಕು. ಮಳೆಗಾಲಕ್ಕೆ ಮೊದಲೊಮ್ಮೆ, ಅನಂತರ ಒಮ್ಮೆ ಮಾಡಿಸಿ, ಫಲಿತಾಂಶವನ್ನು ಶಾಲೆಯ ಗೋಡೆಯ ಮೇಲೆ ಬರೆಯಿಸಿ. ಪೋಷಕರು ಅದನ್ನು ಓದಿಕೊಂಡು ಅಂಗಡಿಗೆ ಹೋಗಲಿ. ಜಾಹೀರಾತು ನೋಡಿ ಕೊಳ್ಳುವುದಕ್ಕಿಂತ ಅದು ಮೇಲು.