ಮೂಕ ರೋಗಿಗೆ ಮನೆಮದ್ದು

ಮಾತು ಬಲ್ಲವನ ಕಾಯಿಲೆಗೆ ವೈದ್ಯನೊಬ್ಬನಾದರೆ, ಮಾತು ಬಾರದ ಪ್ರಾಣಿಯ ಕಾಯಿಲೆಗೆ ಕೇರಿಯವರೆಲ್ಲರೂ ವೈದ್ಯರು. ಮನೆಯ ನಾಯಿ ಎರಡು ಹೊತ್ತು ಅನ್ನ ಮುಟ್ಟದೆ ಮೂಲೆ ಹಿಡಿಯಿತೆಂದರೆ ಸಾಕು, ಎದುರುಮನೆಯವರು ಅರಿಸಿನ ಹೇಳುತ್ತಾರೆ, ಪಕ್ಕದ ಮನೆಯವರು ಬೆಳ್ಳುಳ್ಳಿ ಹೇಳುತ್ತಾರೆ, ಕಚೇರಿಯ ಗೆಳೆಯರು ಸಕ್ಕರೆಗುಳಿಗೆಯ ಸೀಸೆಯನ್ನೇ ತಂದುಕೊಡುತ್ತಾರೆ. ಇವರಲ್ಲಿ ಯಾರ ಪ್ರೀತಿಯನ್ನೂ ಸಂದೇಹಿಸಬೇಕಾಗಿಲ್ಲ. ಸಂದೇಹಿಸಬೇಕಾದುದು ಮದ್ದನ್ನು. ಏಕೆಂದರೆ ಕೊಟ್ಟದ್ದು ಹಿತವಾಯಿತೋ ಅಹಿತವಾಯಿತೋ ಎಂಬುದನ್ನು ಹೇಳಲು ಈ ರೋಗಿಗೆ ಬಾಯಿದ್ದೂ ಮಾತಿಲ್ಲ.

ಮೃಗಗಳಿಗೆ ಮದ್ದು ಮಾಡುವ ವಿದ್ಯೆ ನಮ್ಮಲ್ಲಿ ಹೊಸತಲ್ಲ. ಮನುಷ್ಯರಿಗೂ ಪ್ರಾಣಿಗಳಿಗೂ ಚಿಕಿತ್ಸೆಯ ಏರ್ಪಾಡು ಮಾಡಿ, ಮೂಲಿಕೆಗಳಿಲ್ಲದ ಕಡೆ ಅವನ್ನು ತರಿಸಿ ನೆಡಿಸಿದುದಾಗಿ ಅಶೋಕನ ಎರಡನೆಯ ಬಂಡೆಗಲ್ಲು ಶಾಸನ ಸಾರುತ್ತದೆ. ಕುದುರೆಗೆ ಶಾಲಿಹೋತ್ರನ ಹೆಸರಿನ ಶಾಸ್ತ್ರವಿತ್ತು, ಆನೆಗೆ ಪಾಲಕಾಪ್ಯನದಿತ್ತು. ಚಾಲುಕ್ಯ ವಂಶದ ಕೀರ್ತಿವರ್ಮನು ಗೋವೈದ್ಯವನ್ನು ಕನ್ನಡದಲ್ಲಿಯೇ ಬರೆದನು. ನಾಯಿಯ ವಿಷಯದಲ್ಲಿಯೂ ಕನ್ನಡ ನಾಡು ಉದಾಸೀನವಾಗಿರಲಿಲ್ಲ. ಕಲ್ಯಾಣದ ಮೂರನೆಯ ಸೋಮೇಶ್ವರನು ‘ಮಾನಸೋಲ್ಲಾಸ’ದಲ್ಲಿ ನಾಯಿಗಳಿಗಾಗಿಯೇ ಒಂದು ಪ್ರಕರಣವನ್ನು ಮೀಸಲಿಟ್ಟನು. ಅದಕ್ಕೂ ಮುಂಚೆ, ಹತ್ತನೆಯ ಶತಮಾನದಲ್ಲಿ, ಮಂಡ್ಯ ಸೀಮೆಯ ಆತಕೂರಿನಲ್ಲಿ ಹಂದಿಯೊಡನೆ ಹೋರಾಡಿ ಮಡಿದ ‘ಕಾಳಿ’ ಎಂಬ ನಾಯಿಗೆ ಕಲ್ಲು ನಿಲ್ಲಿಸಿ, ಅದರ ಪೂಜೆಗೆ ಭೂಮಿ ಬಿಟ್ಟರು. ಬೆಂಗಳೂರಿನ ವಸ್ತುಸಂಗ್ರಹಾಲಯಕ್ಕೆ ತಂದಿರಿಸಿದ ಆ ಕಲ್ಲು, ನಾಯಿಯ ಮೇಲಿನ ಅಕ್ಕರೆ ಇಂದಿನ ಪಟ್ಟಣವಾಸಿಗಳು ಕಂಡುಹಿಡಿದುದಲ್ಲವೆಂಬುದಕ್ಕೆ ಸಾಕ್ಷಿ.

ಅಕ್ಕರೆ ಹಳೆಯದು, ನಿಜ. ಆದರೆ ಅಕ್ಕರೆಯೇ ಅರಿವಲ್ಲ. ‘ಗಿಡಮೂಲಿಕೆಯಿಂದ ಕೆಡುಕೇನು?’ ಎಂಬ ಮಾತು ಮನೆಮನೆಯಲ್ಲಿ ಕೇಳಿಬರುತ್ತದೆ. ಈರುಳ್ಳಿ, ಬೆಳ್ಳುಳ್ಳಿಗಳು ನೆಲದಲ್ಲಿ ಬೆಳೆದ ಗೆಡ್ಡೆಗಳೇ, ಮನುಷ್ಯನಿಗೆ ಹಿತವಾದುವೇ. ನಾಯಿಯ ದೇಹದಲ್ಲಿ ಮಾತ್ರ ಅವುಗಳೊಳಗಿನ ಗಂಧಕದ ಸಂಯುಕ್ತಗಳು ರಕ್ತದ ಕೆಂಪು ಕಣಗಳನ್ನು ಒಡೆಯುತ್ತವೆ. ಬೇಯಿಸಿದರೂ ಈ ಗುಣ ಹೋಗುವುದಿಲ್ಲ. ಕೆಡುಕು ಕೂಡಲೇ ಕಾಣದೆ ಕೆಲವು ದಿನಗಳ ಮೇಲೆ ಕಾಣುವುದರಿಂದ, ಮಿಕ್ಕ ಈರುಳ್ಳಿ ಹುಳಿಗೂ ನಾಯಿಯ ನಿಶ್ಶಕ್ತಿಗೂ ಸಂಬಂಧವುಂಟೆಂದು ಯಾರಿಗೂ ಹೊಳೆಯುವುದಿಲ್ಲ. ಹಬ್ಬದ ದಿನ ಪಾಯಸದೊಡನೆ ಹಾಕುವ ಒಣದ್ರಾಕ್ಷಿ ಕೆಲವು ನಾಯಿಗಳ ಮೂತ್ರಪಿಂಡವನ್ನೇ ಕೆಡಿಸಬಲ್ಲದು. ಮನೆಯ ಪೆಟ್ಟಿಗೆಯಲ್ಲಿರುವ ನೋವಿನ ಮಾತ್ರೆಗಳೂ ಹೀಗೆಯೇ. ಐಬುಪ್ರೊಫೆನ್ ನಾಯಿಯ ಹೊಟ್ಟೆಯಲ್ಲಿ ಹುಣ್ಣೆಬ್ಬಿಸಿ ಮೂತ್ರಪಿಂಡಗಳನ್ನು ಕುಂದಿಸುತ್ತದೆ. ಮೈಗೆ ಹಚ್ಚುವ ಮದ್ದಿಗೂ ಎಚ್ಚರ ಬೇಕು. ನಾಯಿ ಮೈ ನೆಕ್ಕುವ ಪ್ರಾಣಿಯಾದುದರಿಂದ, ಚರ್ಮಕ್ಕೆಂದು ಸವರಿದ ತೈಲ ಹೊಟ್ಟೆಯನ್ನು ಸೇರದೆ ಇರದು.

ಹಾಗಾದರೆ ಔಷಧವಿಲ್ಲದೆ ಆರೋಗ್ಯವನ್ನು ಕಾಯುವ ಮಾರ್ಗವೇ ಇಲ್ಲವೇ? ಖಂಡಿತವಾಗಿಯೂ ಉಂಟು, ಅದರಲ್ಲಿ ಮೊದಲನೆಯದು ಮಿತಾಹಾರ. ಅಮೆರಿಕದಲ್ಲಿ 48 ಲ್ಯಾಬ್ರಡಾರ್ ನಾಯಿಗಳನ್ನು ಎರಡು ಪಾಲು ಮಾಡಿ, ಒಂದು ಪಾಲಿಗೆ ಇನ್ನೊಂದಕ್ಕಿಂತ ಕಾಲುಭಾಗ ಕಡಮೆ ಆಹಾರವನ್ನು ಕೊಟ್ಟು ಜೀವಮಾನವಿಡೀ ಗಮನಿಸಿದರು. 2002ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಕಡಮೆ ಉಂಡ ನಾಯಿಗಳು ಸುಮಾರು 13 ವರ್ಷ ಬಾಳಿದುವು. ಹೆಚ್ಚು ಉಂಡವು ಸುಮಾರು 11 ವರ್ಷ. ಕೀಲುಬೇನೆಯೂ ಮಿತಾಹಾರಿಗಳಿಗೆ ತಡವಾಗಿಯೇ ಬಂದಿತು. ಲಂಘನವೇ ದೊಡ್ಡ ಮದ್ದೆಂದು ಹಿರಿಯರು ಹೇಳುತ್ತಿದ್ದುದು ನಾಲ್ಕು ಕಾಲಿನವಕ್ಕೂ ಸಲ್ಲುತ್ತದೆ! ದಿನದಿನದ ನಡಿಗೆ, ಮುಪ್ಪಿನ ನಾಯಿಗೆ ಮೃದುವಾದ ಅಂಗಮರ್ದನ, ಕೀಲುನೋವಿಗೆ ವೈದ್ಯರು ಹೇಳಿದ ಪ್ರಮಾಣದಲ್ಲಿ ಮೀನೆಣ್ಣೆ, ಈಜು — ಇವು ಔಷಧದ ಹೊರೆಯನ್ನು ಇಳಿಸಬಲ್ಲ ಸಾಧನಗಳು.

ಆದರೆ ಒಂದು ಗೆರೆಯುಂಟು. ಅದನ್ನು ದಾಟಿದರೆ ಪ್ರಾಣಕ್ಕೇ ಅಪಾಯ. ಉಣ್ಣಿಯಿಂದ ಬರುವ ಜ್ವರವನ್ನೇ ತೆಗೆದುಕೊಳ್ಳಿರಿ. ಬೇವಿನ ಸೊಪ್ಪಿನ ನೀರಿನಲ್ಲಿ ಮೀಯಿಸುವುದು ಹಳೆಯ ರೂಢಿ, ಅದರಲ್ಲಿ ತಪ್ಪಿಲ್ಲ. ಆದರೆ ಉಣ್ಣಿ ಕಚ್ಚಿ, ರೋಗಾಣು ರಕ್ತವನ್ನು ಹೊಕ್ಕು, ಮೂಗಿನಲ್ಲಿ ನೆತ್ತರು ಕಾಣಿಸಿಕೊಂಡ ಮೇಲೆ ಬೇವಿನ ನೀರು ಅಲ್ಲಿಗೆ ತಲುಪುವುದೆಂತು? ರಕ್ತಪರೀಕ್ಷೆಯೂ, ರೋಗಾಣುವನ್ನು ಕೊಲ್ಲುವ ಔಷಧವೂ ಆಗ ಅನಿವಾರ್ಯ. ಕಷಾಯ ಕಾಸುತ್ತ ಕಳೆದ ಒಂದೊಂದು ದಿನವೂ ರೋಗದ ಲೆಕ್ಕಕ್ಕೆ ಜಮೆಯಾಗುತ್ತದೆ.

ಹುಚ್ಚುನಾಯಿ ರೋಗದಲ್ಲಂತೂ ಈ ಗೆರೆ ಮನೆಯವರ ಪ್ರಾಣವನ್ನೂ ಸುತ್ತುವರಿದಿದೆ. ಪ್ಯಾಶ್ಚರ್ ಮಹಾಶಯನು 1885ರಲ್ಲಿ ಒಬ್ಬ ಬಾಲಕನಿಗೆ ಲಸಿಕೆಯಿತ್ತು ಉಳಿಸಿದಂದಿನಿಂದ ಈ ರೋಗವನ್ನು ತಡೆಯುವ ಉಪಾಯ ಲೋಕಕ್ಕೆ ತಿಳಿದಿದೆ. ಲಕ್ಷಣಗಳು ತೋರಿದ ಮೇಲೆ ಮಾತ್ರ ಯಾವ ಪದ್ಧತಿಯಲ್ಲಿಯೂ ನೆಚ್ಚಬಹುದಾದ ಚಿಕಿತ್ಸೆಯಿಲ್ಲ. ನಾಯಿ ಕಚ್ಚಿದ ಗಾಯಕ್ಕೆ ಮೆಣಸಿನಪುಡಿ, ಸುಣ್ಣ ಮೆತ್ತುವುದು ಬೇಡ. ಸಾಬೂನು ಹಚ್ಚಿ, ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಆ ದಿನವೇ ಆಸ್ಪತ್ರೆಗೆ ಹೋಗಬೇಕು. ಸಾಕಿದ ನಾಯಿಗೆ ಮರಿತನದಲ್ಲಿಯೇ ಚುಚ್ಚುಮದ್ದು ಹಾಕಿಸಿ, ಆಮೇಲೆ ವೈದ್ಯರು ಹೇಳಿದ ಅವಧಿಗೆ ಸರಿಯಾಗಿ ಮತ್ತೆ ಹಾಕಿಸುತ್ತಿರಬೇಕು. ಇದಕ್ಕೆ ಬದಲಾಗಿ ನಿಲ್ಲಬಲ್ಲ ಬೇರು, ಭಸ್ಮ, ಗುಳಿಗೆ ಯಾವುದೂ ಇಲ್ಲ.

‘ಗುಳಿಗೆ ಕೊಟ್ಟೆವು, ಗುಣವಾಯಿತು, ನಾಯಿಗೆ ನಂಬಿಕೆಯಿಂದ ವಾಸಿಯಾಗುವುದುಂಟೇ?’ ಎಂದು ಕೇಳುವವರೂ ಇದ್ದಾರೆ. ಪ್ರಶ್ನೆ ಚಮತ್ಕಾರದ್ದೇ. ಉತ್ತರವೇನೆಂದರೆ, ನಂಬಿಕೆ ನಾಯಿಗೆ ಇರಬೇಕಾಗಿಲ್ಲ, ನೋಡುವವರಿಗಿದ್ದರೆ ಸಾಕು. ಕೀಲುಬೇನೆಯ ನಾಯಿಗಳಿಗೆ ಔಷಧವೇ ಅಲ್ಲದ ಹುಸಿಗುಳಿಗೆ ಕೊಟ್ಟು, ಅವು ಕಾಲೂರುವ ಬಲವನ್ನು ಯಂತ್ರದಿಂದ ಅಳೆದು ನೋಡಿದ ಪರೀಕ್ಷೆಯೊಂದು 2012ರಲ್ಲಿ ಪ್ರಕಟವಾಯಿತು. ಯಂತ್ರ ಸುಧಾರಣೆಯನ್ನು ತೋರದಿದ್ದ ಎಷ್ಟೋ ನಾಯಿಗಳ ಕುಂಟು ಕಡಮೆಯಾಗಿದೆಯೆಂದು ಒಡೆಯರು ಹೇಳಿದರು. ಪಶುವೈದ್ಯರೂ ಅನೇಕ ವೇಳೆ ಹಾಗೆಯೇ ಹೇಳಿದರು. ಬಯಸಿದುದನ್ನೇ ಕಾಣುವುದು ಕಣ್ಣಿನ ಸ್ವಭಾವ. ನೋಡುವವರಿಗೆ ಸಮಾಧಾನವಾಯಿತು, ನೋವು ನಾಯಿಯ ಬಳಿಯೇ ಉಳಿಯಿತು. ಬ್ರಿಟನ್ನಿನ ರಾಯಲ್ ಕಾಲೇಜ್ ಆಫ್ ವೆಟರಿನರಿ ಸರ್ಜನ್ಸ್ ಸಂಸ್ಥೆಯು 2017ರಲ್ಲಿ, ಹೋಮಿಯೋಪಥಿಯಂಥ ಪದ್ಧತಿಗಳು ಪ್ರಮಾಣಸಿದ್ಧವಾದ ಚಿಕಿತ್ಸೆಗೆ ಜೊತೆಯಾಗಬಹುದೇ ಹೊರತು ಅದರ ಸ್ಥಾನವನ್ನು ಆಕ್ರಮಿಸಕೂಡದೆಂದು ವಿಧಿಸಿದುದು ಈ ಕಾರಣಕ್ಕಾಗಿಯೇ.

ಆದುದರಿಂದ ಮನೆಮದ್ದನ್ನು ಹೊರಕ್ಕೆ ಎಸೆಯಬೇಕಾಗಿಲ್ಲ. ವೈದ್ಯನಿಂದ ಮರೆಮಾಚಬಾರದು, ಅಷ್ಟೆ. ಯಾವ ಬೇರು, ಯಾವ ಎಣ್ಣೆ, ಎಷ್ಟು ದಿನ ಎಂಬುದನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ ಆತನ ಮುಂದಿಡಬೇಕು. ಉಣಿಸು, ನಡಿಗೆ, ನಿದ್ರೆ, ಉಪಚಾರ ಮನೆಯವರ ಪಾಲಿನವು, ರೋಗನಿರ್ಣಯ ವೈದ್ಯನದು. ಯಾವ ಮದ್ದು ಬೇಕೆಂದು ನಾಯಿ ಕೇಳಲಾರದು, ಯಾವುದು ಬೇಡವೆಂದು ಹೇಳಲೂ ಆರದು. ಒಡೆಯನು ನೀಡಿದುದನ್ನು ನಂಬಿ ನುಂಗುತ್ತದೆ. ಆ ನಂಬಿಕೆಗೆ ತಕ್ಕ ಎಚ್ಚರವನ್ನು ವಹಿಸುವುದು ಸಾಕಿದವರ ಋಣ.